ಮೆಕ್ಸಿಕೊದಲ್ಲಿ ಮನೆ ಅಡುಗೆಯ ಜೊತೆಗೇ ಸ್ಪ್ಯಾನಿಷ್: ಯಾವ ದಾರಿ ಯಾರಿಗೆ?

ಮೆಕ್ಸಿಕೊ ಸಿಟಿ, ಗ್ವಾದಲಹಾರಾ, ಮೊಂತೆರ್ರೇ, ಕೆರೇತಾರೊ. ಈ ಊರುಗಳಲ್ಲಿ ಭಾರತದ ಐಟಿ ಕಂಪನಿಗಳ ಕಚೇರಿಗಳಿವೆ. ಕೆಲಸದ ಮೇಲೆ ಒಬ್ಬರು ಬರುತ್ತಾರೆ, ಅವರ ಹಿಂದೆ ಮನೆಯೂ ಬರುತ್ತದೆ. ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದೆ. ತರಕಾರಿ ಅಂಗಡಿ, ಗ್ಯಾಸ್ ಗಾಡಿ, ಔಷಧಿ ಅಂಗಡಿ, ಮಗುವಿನ ಶಾಲೆಯ ಗೇಟು, ಇಲ್ಲೆಲ್ಲ ನಡೆಯುವುದಿಲ್ಲ. ಹಾಗಾಗಿ ಸ್ಪ್ಯಾನಿಷ್ ಮೊದಲು ಬೇಕಾಗುವುದು ಮನೆ ನಡೆಸುವವರಿಗೆ. ಅದು ಹೆಂಡತಿ ಇರಬಹುದು, ಗಂಡ ಇರಬಹುದು, ಮೊಮ್ಮಗುವನ್ನು ನೋಡಿಕೊಳ್ಳಲು ಬಂದ ಅಜ್ಜಿಯೂ ಇರಬಹುದು.

ಅವರೆಲ್ಲ ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. ಕ್ಲಾಸಿಗೆ ಸೇರಲಾ? ಟೀಚರ್ ಗೊತ್ತು ಮಾಡಿಕೊಳ್ಳಲಾ? ಫೋನಿನ ಆ್ಯಪ್ ಸಾಕಾ? ಇಲ್ಲಾ ಸಂತೆಗೆ ಹೋಗುತ್ತಾ, ಅಡುಗೆ ಮಾಡುತ್ತಾ ತಾನಾಗಿಯೇ ಬಂದುಬಿಡುತ್ತಾ?

ನನ್ನ ಅನಿಸಿಕೆ ಮೊದಲೇ ಹೇಳಿಬಿಡುತ್ತೇನೆ. ದಿನಾ ಒಲೆ ಹಚ್ಚುವವರಿಗೆ ಅರ್ಧ ಪಾಠ ದುಡ್ಡಿಲ್ಲದೆ ಸಿಗುತ್ತದೆ. ಆ ಅರ್ಧ ಯಾವುದು ಎಂದು ಗೊತ್ತಾದರೆ, ಉಳಿದ ಅರ್ಧಕ್ಕೆ ದುಡ್ಡು ಎಲ್ಲಿ ಹಾಕಬೇಕು ಅನ್ನುವುದು ಸಲೀಸಾಗುತ್ತದೆ.

ಯಾವುದನ್ನು ನೋಡಿ ಆರಿಸಬೇಕು

ಎಲ್ಲಕ್ಕಿಂತ ಮೊದಲು ಸಮಯ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸಲು ಒಂದು ಸಂಸ್ಥೆ ನಡೆಸುತ್ತದೆ. ಇಂಗ್ಲಿಷ್ ಮನೆಮಾತಿನವರು ಸ್ಪ್ಯಾನಿಷ್‌ನಲ್ಲಿ ಕಚೇರಿ ಕೆಲಸ ಮಾಡುವ ಮಟ್ಟ ಮುಟ್ಟಲು 600ರಿಂದ 750 ಗಂಟೆ ತರಗತಿ ಬೇಕು ಎಂಬುದು ಅವರ ಲೆಕ್ಕ. ಸಂತೆ ವ್ಯಾಪಾರಕ್ಕೆ, ಡಾಕ್ಟರ ಹತ್ತಿರ ನಾಲ್ಕು ಮಾತಿಗೆ ಅಷ್ಟು ಬೇಡ. ಆದರೂ ಈ ಅಂಕಿ ನೆನಪಿರಲಿ. ದಿನಕ್ಕೆ ಅರ್ಧ ಗಂಟೆ ಎಂದರೆ ವರ್ಷಕ್ಕೆ ಸುಮಾರು 180 ಗಂಟೆ ಆಗುತ್ತದೆ. ಮೂರು ತಿಂಗಳಲ್ಲಿ ನಿರರ್ಗಳವಾಗಿ ಮಾತಾಡಿಸುತ್ತೇವೆ ಎನ್ನುವ ಜಾಹೀರಾತನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಿ.

ಗಂಟೆಯ ಜೊತೆಗೆ ಹೊತ್ತೂ ಮುಖ್ಯ. ಮೆಕ್ಸಿಕೊದ ದೊಡ್ಡ ಊಟ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ. ಮನೆಯವರೂ ಮಕ್ಕಳೂ ಆ ಹೊತ್ತಿಗೆ ಬಂದು ಕೂರುವುದಾದರೆ ನಿಮ್ಮ ಕೈಗೆ ಸಿಗುವುದು ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು.

ಎರಡನೆಯದು, ನಿಮ್ಮ ಬಾಯಿಗೆ ಎಷ್ಟು ಕೆಲಸ. ಒಂದು ಗಂಟೆಯಲ್ಲಿ ನೀವು ಎಷ್ಟು ನಿಮಿಷ ಮಾತಾಡಿದಿರಿ? ಹದಿನೈದು ಜನರ ಕ್ಲಾಸಿನಲ್ಲಿ ಅದು ಮೂರು ನಿಮಿಷಕ್ಕೆ ಇಳಿಯಬಹುದು. ಒಬ್ಬರೇ ಟೀಚರ ಮುಂದೆ ಅರ್ಧ ಗಂಟೆ ದಾಟಬಹುದು.

ಮೂರನೆಯದು, ಯಾವ ಊರಿನ ಸ್ಪ್ಯಾನಿಷ್ ಅನ್ನುವುದು. ಅಡುಗೆಮನೆಯಲ್ಲಿ ಇದು ಎದ್ದು ಕಾಣುತ್ತದೆ. ಸ್ಪೇನ್‌ನಲ್ಲಿ ಆಲೂಗಡ್ಡೆ ಪತಾತಾ, ಮೆಕ್ಸಿಕೊದಲ್ಲಿ ಪಾಪಾ. ಅಲ್ಲಿ ಹಸಿ ಬಟಾಣಿ ಗಿಸಾಂತೆ, ಇಲ್ಲಿ ಚೀಚಾರೊ. ಮೆಕ್ಸಿಕೊ ಸಿಟಿಯಲ್ಲಿ ಬರೀ 'ತೊಮಾತೆ' ಎಂದು ಕೇಳಿದರೆ ಸಿಪ್ಪೆ ಹೊದ್ದ ಹುಳಿ ಹಸಿರು ಕಾಯಿ ತೂಗಿ ಕೊಟ್ಟಾರು. ಸಾರಿಗೆ ಬೇಕಾದ ಕೆಂಪು ಟೊಮೆಟೊಗೆ ಅಲ್ಲಿ 'ಹಿತೊಮಾತೆ' ಎನ್ನಬೇಕು. ಸ್ಪೇನ್‌ನ ಪುಸ್ತಕ ಹಿಡಿದು ಕಲಿತವರಿಗೆ ಸಂತೆಯಲ್ಲಿ ಅರ್ಧ ತರಕಾರಿ ಹೊಸದಾಗಿ ಕಲಿಯುವ ಕೆಲಸ ಬೀಳುತ್ತದೆ.

ಇನ್ನು ಸರ್ಟಿಫಿಕೇಟು. ಮುಂದೆ ಕೆಲಸಕ್ಕೋ ಓದಿಗೋ ತೋರಿಸಬೇಕೆಂದಿದ್ದರೆ ಮಾತ್ರ ಇದರ ಬಗ್ಗೆ ತಲೆ ಕೆಡಿಸಿಕೊಳ್ಳಿ. ಸ್ಪೇನ್‌ನ ಸೆರ್ವಾಂತೆಸ್ ಸಂಸ್ಥೆ ನೋಡಿಕೊಳ್ಳುವ ಡೆಲೆ ಪರೀಕ್ಷೆಯ ಪ್ರಮಾಣಪತ್ರಕ್ಕೆ ಅವಧಿ ಮುಗಿಯುವ ಮಾತಿಲ್ಲ. ಕಂಪ್ಯೂಟರಿನಲ್ಲಿ ಬರೆಯುವ ಸಿಯೆಲೆ ಎಂಬ ಪರೀಕ್ಷೆಯೂ ಇದೆ. ಎರಡೂ ಎ1, ಎ2, ಬಿ1 ಎಂದು ಶುರುವಿನಿಂದ ಮೇಲೇರುವ ಯುರೋಪಿನ ಮಟ್ಟಗಳನ್ನೇ ಹಿಡಿದಿವೆ. ಸುಮ್ನೆ ಬದುಕಲು ಕಲಿಯುವವರಿಗೆ ಎರಡೂ ಬೇಡ.

ಕೊನೆಯದು ಕನ್ನಡದವರಿಗೇ ವಿಶೇಷ, ಇದನ್ನು ಸ್ವಲ್ಪ ವಿವರಿಸುತ್ತೇನೆ. ಹೆಚ್ಚಿನ ಪುಸ್ತಕಗಳು, ಆ್ಯಪ್‌ಗಳು ಇಂಗ್ಲಿಷ್ ಮನೆಮಾತಿನವರಿಗಾಗಿ ಮಾಡಿದಂಥವು. ಅವರಿಗೆ ಕಷ್ಟವಾದದ್ದನ್ನು ಅವು ಪುಟಗಟ್ಟಲೆ ಹೇಳುತ್ತವೆ. ನಮಗೆ ಅದರಲ್ಲಿ ಎಷ್ಟೋ ಸುಲಭ. ಸ್ಪ್ಯಾನಿಷ್‌ನ ತ, ದ ನಮ್ಮ ತ, ದಗಳೇ. ಅ, ಎ, ಇ, ಒ, ಉ ಬರೆದ ಹಾಗೇ ಓದುತ್ತಾರೆ. 'ಬಂದೆ' ಎಂದರೆ ಬಂದವರು ನಾನು ಎಂದು ನಮಗೆ ಬೇರೆ ಹೇಳಬೇಕಾಗಿಲ್ಲ, ಅಲ್ವಾ? ಅಲ್ಲೂ ಕ್ರಿಯಾಪದದ ಬಾಲವೇ ಅದನ್ನು ಹೇಳುತ್ತದೆ. ತೂ, ಉಸ್ತೇದ್ ಎಂದರೆ ನೀನು, ನೀವು. 'ಮೆ ಗುಸ್ತಾ' ಎನ್ನುವುದು 'ನನಗೆ ಇಷ್ಟ' ಎಂಬ ಕಟ್ಟಿನಲ್ಲೇ ಇದೆ. 'ಮೆ ದ್ವೇಲೆ ಲಾ ಕಬೇಸಾ', ನನಗೆ ತಲೆ ನೋಯುತ್ತಿದೆ. ಇಂಗ್ಲಿಷಿನವರು ವಾರಗಟ್ಟಲೆ ಒದ್ದಾಡುವ ಈ ಜಾಗದಲ್ಲಿ ನೀವು ಒಂದೇ ದಿನದಲ್ಲಿ ದಾಟಬಹುದು. ನಮಗೆ ತೊಡಕಾಗುವುದು ಲಿಂಗ. ಈರುಳ್ಳಿ ಹೆಣ್ಣು, ಕೊತ್ತಂಬರಿ ಗಂಡು. ಹಿಂದಿ ಬಲ್ಲವರಿಗೆ ಈ ಕಷ್ಟ ಹಳೆಯದು. ಎಲ್ಲ ವಸ್ತುವನ್ನೂ 'ಅದು' ಎಂದೇ ಬೆಳೆದವರಿಗೆ ಇದಕ್ಕೆ ತಾಳ್ಮೆ ಬೇಕು. ಆದ್ದರಿಂದ ನೀವು ಆರಿಸುವ ದಾರಿಯಲ್ಲಿ, ಗೊತ್ತಿರುವುದನ್ನು ಹಾರಿಸಿ ಮುಂದೆ ಹೋಗಲು ಅವಕಾಶ ಇರಬೇಕು.

ಸಂತೆ ಮತ್ತು ಅಡುಗೆಮನೆ

ಮೆಕ್ಸಿಕೊದಲ್ಲಿ ವಾರಕ್ಕೊಮ್ಮೆ, ಗೊತ್ತಾದ ದಿನ ಗೊತ್ತಾದ ಬೀದಿಯಲ್ಲಿ ಸಂತೆ ಕೂಡುತ್ತದೆ. ಅದನ್ನು ತಿಯಾಂಗಿಸ್ ಎನ್ನುತ್ತಾರೆ. ಸೂಪರ್ ಮಾರ್ಕೆಟ್ಟಿನಲ್ಲಿ ಬಾಯಿ ಬಿಡದೆ ಸಾಮಾನು ತರಬಹುದು, ಅಲ್ಲಿ ಭಾಷೆ ಬೆಳೆಯುವುದಿಲ್ಲ. ತಿಯಾಂಗಿಸ್‌ನಲ್ಲಿ ಬಾಯಿ ಬಿಡಲೇಬೇಕು.

ಬೆಣ್ಣೆಹಣ್ಣು ಕೊಳ್ಳುವುದನ್ನೇ ನೋಡಿ. ಅಲ್ಲಿ ಅದು ಅಗ್ವಾಕಾತೆ. ನೀವು 'ಆ ಕೋಮೊ ಎಲ್ ಕಿಲೊ?' ಎನ್ನುತ್ತೀರಿ, ಕಿಲೊ ಹೇಗೆ ಎಂದು. ಅಂಗಡಿಯಾಕೆ ಬೆಲೆ ಹೇಳುತ್ತಾಳೆ. ಅದು ಸೆಸೆಂತಾನೋ ಸೆತೆಂತಾನೋ, ಅರವತ್ತೋ ಎಪ್ಪತ್ತೋ, ಕಿವಿಗೆ ಸಿಕ್ಕಬೇಕು. ಆಮೇಲೆ ಆಕೆಯದೇ ಒಂದು ಪ್ರಶ್ನೆ ಬರುತ್ತದೆ: 'ಪಾರಾ ಓಯ್?' ಇವತ್ತಿಗೆ ಬೇಕಾ? 'ಪಾರಾ ಎಲ್ ಸಾಬಾದೊ' ಎಂದರೆ ಶನಿವಾರಕ್ಕೆ ಹಣ್ಣಾಗುವಂಥ ಗಟ್ಟಿ ಕಾಯನ್ನು ಹೆಬ್ಬೆರಳಿನಿಂದ ತೊಟ್ಟಿನ ಹತ್ತಿರ ಮೆಲ್ಲಗೆ ಒತ್ತಿ ನೋಡಿ ಆರಿಸಿ ಕೊಡುತ್ತಾಳೆ. ಕೊನೆಗೆ ಒಂದು ಹಿಡಿ ಕೊತ್ತಂಬರಿ ಕೊಸರು ಕೇಳಬಹುದು. ಅದಕ್ಕೆ ಪಿಲೋನ್ ಎನ್ನುತ್ತಾರೆ. ಒಂದು ಹಣ್ಣಿನಲ್ಲಿ ಅಂಕಿ, ತೂಕ, ವಾರದ ದಿನ, ಮರ್ಯಾದೆಯ ಮಾತು ಎಲ್ಲ ಬಂತು. ಅದೇ ಅಂಗಡಿಗೆ ಮುಂದಿನ ವಾರವೂ ಹೋಗಿ. ಗುರುತು ಹತ್ತಿದ ಮೇಲೆ ಆಕೆ ನಿಧಾನವಾಗಿ ಮಾತಾಡುತ್ತಾಳೆ. ಬೆಳಿಗ್ಗೆ ಬೇಗ ಹೋದರೆ ಮಾತಿಗೆ ಬಿಡುವು ಸಿಗುತ್ತದೆ.

ನಮ್ಮ ಅಡುಗೆಗೆ ಬೇಕಾದ್ದು ಬಹಳಷ್ಟು ಅಲ್ಲೇ ಸಿಗುತ್ತದೆ. ಸೀಮೆಬದನೆಯ ತವರೇ ಮೆಕ್ಸಿಕೊ, ಹೆಸರು ಚಯೋತೆ. ಹುರುಳಿಕಾಯಿ ಎಹೋತೆ. ಜೀರಿಗೆ ಕೊಮಿನೊ, ಕೊತ್ತಂಬರಿ ಬೀಜ ಸೆಮಿಯಾ ದೆ ಸಿಲಾಂತ್ರೊ, ಅರಿಶಿನ ಕೂರ್ಕುಮಾ. ಬೆಲ್ಲದ ಜಾಗಕ್ಕೆ ಪಿಲೊನ್ಸಿಯೊ. ಬ್ಯಾಡಗಿ ಮೆಣಸಿನಕಾಯಿ ಮುಗಿದರೆ ಗ್ವಾಹಿಯೊ ಹಾಕಿ. ಬಣ್ಣ ಜಾಸ್ತಿ, ಖಾರ ಕಮ್ಮಿ. ಖಾರಕ್ಕೆ ಚಿಲೆ ದೆ ಆರ್ಬೊಲ್ ಎರಡು ಸೇರಿಸಿದರೆ ಸಾರಿನ ಪುಡಿ ಮನೆಯ ರುಚಿಗೆ ಹತ್ತಿರ ಬರುತ್ತದೆ. ಕರಿಬೇವು, ಉದ್ದಿನಬೇಳೆ ಮಾತ್ರ ಸುಲಭಕ್ಕೆ ಸಿಗುವುದಿಲ್ಲ. ಮೆಕ್ಸಿಕೊ ಸಿಟಿಯಲ್ಲಿದ್ದರೆ ನಗರದ ನಡುವಿನ ಸಾನ್ ಹ್ವಾನ್ ಮಾರುಕಟ್ಟೆಯಲ್ಲಿ ಒಮ್ಮೆ ವಿಚಾರಿಸಿ. ಹೊರದೇಶದ ಸಾಮಾನಿಗೆ ಅದು ಹೆಸರುವಾಸಿ.

ಮೆಕ್ಸಿಕೊ ಸಿಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಮೇಲಿದೆ. ನೀರು 92, 93 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ತುಂಬಾ ಹೊತ್ತು ಹಿಡಿಯುತ್ತದೆ, ಕುಕ್ಕರ್ ಇಲ್ಲದೆ ಆಗದು. ಅಲ್ಲಿ ಅದನ್ನು ಓಯಾ ಎಸ್‌ಪ್ರೆಸ್ ಎನ್ನುತ್ತಾರೆ. ಊರಿಂದ ತಂದ ಕುಕ್ಕರಿನ ಗ್ಯಾಸ್ಕೆಟ್ ಹೋದರೆ ತ್ಲಪಲೆರಿಯಾ ಎಂಬ ಹಾರ್ಡ್‌ವೇರ್ ಅಂಗಡಿಯಲ್ಲಿ ಅಳತೆ, ಆಕಾರ, ಎಲ್ಲಿ ಹಬೆ ಸೋರುತ್ತಿದೆ ಎಲ್ಲವನ್ನೂ ಹೇಳಬೇಕು. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. 'ಎಂಪಾಕೆ' ಎಂಬ ಪದ ಅವತ್ತೇ ಬಾಯಿಗೆ ಕೂರುತ್ತದೆ, ಮತ್ತೆ ಮರೆಯುವುದಿಲ್ಲ.

ಸಸ್ಯಾಹಾರಿಗಳಿಗೆ ಈ ದಾರಿ ಇನ್ನೂ ಅಗತ್ಯ. ಅಲ್ಲಿನ ಅರೆದು ಹುರಿದ ಕಾಳಿನ ಪಲ್ಯಕ್ಕೆ, ತಮಾಲೆಸ್ ಎಂಬ ಜೋಳದ ಹಿಟ್ಟಿನ ಕಡುಬಿಗೆ ಹಂದಿ ಕೊಬ್ಬು ಹಾಕುವುದು ಮಾಮೂಲು. ಕೆಂಪು ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸುವವರು ಬಹಳ. 'ಸಿನ್ ಕಾರ್ನೆ', ಮಾಂಸ ಬೇಡ, ಎಂದಷ್ಟೇ ಹೇಳಿದರೆ ಕೋಳಿ ಬರಬಹುದು, ಹ್ಯಾಮ್ ಬರಬಹುದು. 'ಯೇವಾ ಮಂತೇಕಾ?', ಕೊಬ್ಬು ಹಾಕಿದ್ದೀರಾ, 'ಯೇವಾ ಕಾಲ್ದೊ ದೆ ಪೊಯೊ?', ಕೋಳಿ ಸಾರು ಹಾಕಿದ್ದೀರಾ. ಇವೆರಡನ್ನು ಮೊದಲ ವಾರವೇ ಕಲಿಯಿರಿ. ಯಾವ ಆ್ಯಪ್ಪಿನ ಮೊದಲ ಪಾಠದಲ್ಲೂ ಇವನ್ನು ನಿರೀಕ್ಷಿಸಬೇಡಿ.

ಮನೆಗೆಲಸಕ್ಕೆ ಬರುವ ಸೆನ್ಯೋರಾ ಇದ್ದರೆ ಅವರ ಜೊತೆ ಅಡುಗೆಮನೆಯಲ್ಲಿ ನಿಂತು ಕಲಿಯುವುದು ಬಹಳ ಒಳ್ಳೆಯದು. ಅವರು ವಯಸ್ಸಿನಲ್ಲಿ ಚಿಕ್ಕವರಾದರೂ ಉಸ್ತೇದ್ ಎನ್ನಿ. ಒಂದು ದಿನ ಅವರಿಂದ ಹಸಿರು ಸಾಲ್ಸಾ, ಇನ್ನೊಂದು ದಿನ ನಿಮ್ಮಿಂದ ಚಿತ್ರಾನ್ನ. ಹೆಚ್ಚು, ರುಬ್ಬು, ನೆನೆಸು, ಸೋಸು ಎಂಬ ಕ್ರಿಯಾಪದಗಳು ಕೈಯ ಕೆಲಸದ ಜೊತೆಗೇ ಬರುತ್ತವೆ. ಆದರೆ ಅವರ ಕೆಲಸದ ಹೊತ್ತನ್ನು ಪಾಠಕ್ಕೆ ಬಳಸಿಕೊಂಡರೆ ಆ ಹೊತ್ತಿಗೂ ಕೂಲಿ ಕೊಡಬೇಕು. ಇದರಲ್ಲಿ ಎರಡು ಮಾತಿಲ್ಲ.

ದುಡ್ಡು ಕೊಟ್ಟು ಸೇರುವ ಅಡುಗೆ ತರಗತಿಗಳೂ ಇವೆ, ಮೆಕ್ಸಿಕೊ ಸಿಟಿಯಲ್ಲಿ, ವಹಾಕಾದಲ್ಲಿ. ಮೆಕ್ಸಿಕೊದ ಅಡುಗೆ 2010ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ, ಪ್ರವಾಸಿಗರಿಗೆ ಅದರ ಮೇಲೆ ಆಸೆ ಇರುವುದು ಸಹಜ. ಹಾಗಾಗಿ ಇವುಗಳಲ್ಲಿ ಎಷ್ಟೋ ಇಂಗ್ಲಿಷಿನಲ್ಲೇ ನಡೆಯುತ್ತವೆ, ಬೆಲೆಯೂ ಪ್ರವಾಸಿಗರ ಲೆಕ್ಕದ್ದು. ರುಚಿಗಾಗಿ ಹೋಗಿ. ಭಾಷೆಗಾಗಿ ಹೋಗುವುದಾದರೆ ಸ್ಪ್ಯಾನಿಷ್‌ನಲ್ಲಿ ನಡೆಸುತ್ತೀರಾ ಎಂದು ಕೇಳಿ ಆಮೇಲೆ ದುಡ್ಡು ಕಟ್ಟಿ. ಮನೆಯಲ್ಲೇ ಬೇಕೆಂದರೆ ಮಿಚೊಆಕಾನ್ ರಾಜ್ಯದ ದೋನ್ಯಾ ಆನ್ಹೆಲಾ ಅವರ ಯೂಟ್ಯೂಬ್ ವಿಡಿಯೊಗಳಿವೆ. 2019ರಲ್ಲಿ ಶುರುವಾದವು. ಸೌದೆ ಒಲೆಯ ಮುಂದೆ ನಿಂತು, ಮಾಡುತ್ತಿರುವುದನ್ನೇ ಹೇಳುತ್ತಾ ಹೋಗುತ್ತಾರೆ. ಕಣ್ಣಿಗೆ ಕಂಡದ್ದೇ ಕಿವಿಗೂ ಬೀಳುವುದರಿಂದ ಅರ್ಥವಾಗುತ್ತದೆ.

ಇಷ್ಟೆಲ್ಲ ಕೊಡುವ ದಾರಿ ಎಲ್ಲಿ ನಿಲ್ಲುತ್ತದೆ? ಸಂತೆಯ ಮಾತೆಲ್ಲ ಈಗಿನದು: ಕೊಡಿ, ಹಾಕಿ, ಎಷ್ಟು, ಸಾಕು. 'ನಿನ್ನೆ ರಾತ್ರಿಯಿಂದ ಮಗುವಿಗೆ ಜ್ವರ, ಬೆಳಿಗ್ಗೆ ಔಷಧಿ ಕೊಟ್ಟಿದ್ದೆ, ಇಳಿಯಲಿಲ್ಲ' ಎಂದು ಹೇಳಲು ಭೂತಕಾಲ ಬೇಕು. ಸ್ಪ್ಯಾನಿಷ್‌ನಲ್ಲಿ ಅದು ಒಂದೇ ಬಗೆಯದಲ್ಲ. ಮನೆ ಮಾಲೀಕರಿಗೆ ಪತ್ರ ಬರೆಯುವುದು, ಮುಖ ಕಾಣದ ಫೋನ್ ಮಾತು, ಶಾಲೆಯ ಮೀಟಿಂಗು, ಇವು ಸಂತೆಯಿಂದ ಬರುವುದಿಲ್ಲ. ವರ್ಷಗಟ್ಟಲೆ ಇದ್ದೂ ವ್ಯಾಪಾರದ ಮಾತಿನಲ್ಲೇ ನಿಂತವರು ಇದ್ದಾರೆ. ದುಡ್ಡು ಹಾಕಬೇಕಾದ ಅರ್ಧ ಇದೇ.

ವಿಶ್ವವಿದ್ಯಾಲಯದ ಕೋರ್ಸು

ಮೆಕ್ಸಿಕೊದ ರಾಷ್ಟ್ರೀಯ ಸ್ವಾಯತ್ತ ವಿಶ್ವವಿದ್ಯಾಲಯ, ಅಲ್ಲಿನವರ ಬಾಯಲ್ಲಿ ಉನಾಮ್, ಹೊರದೇಶದವರಿಗೆ ಸ್ಪ್ಯಾನಿಷ್ ಕಲಿಸಲು 1921ರಿಂದ ಒಂದು ಕೇಂದ್ರ ನಡೆಸುತ್ತಿದೆ. ಈಗ ಅದರ ಹೆಸರು ಸೆಪೆ. ಅದರ ತೀವ್ರ ಕೋರ್ಸು ಆರು ವಾರದ್ದು. ದಿನಕ್ಕೆ ಮೂರು ಗಂಟೆಯಂತೆ ವಾರಕ್ಕೆ ಐದು ದಿನ ಎಂದರೆ 90 ಗಂಟೆ. ಆ್ಯಪ್ಪಿನಲ್ಲಿ ಅರ್ಧ ವರ್ಷಕ್ಕೆ ಸೇರುವ ಗಂಟೆ ಇಲ್ಲಿ ಆರು ವಾರಕ್ಕೆ ಸೇರುತ್ತದೆ. ಪಕ್ಕದಲ್ಲಿ ಕೊರಿಯಾದವರೋ ಬ್ರೆಜಿಲ್‌ನವರೋ ಕೂತಿದ್ದರೆ ನಡುವೆ ಇಂಗ್ಲಿಷ್ ನಡೆಯುವುದಿಲ್ಲ, ಸ್ಪ್ಯಾನಿಷ್ ಆಡಲೇಬೇಕು. ವ್ಯಾಕರಣ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಕಲಿಸುವುದು ಮೆಕ್ಸಿಕೊದ ಸ್ಪ್ಯಾನಿಷ್. ಮುಗಿದಾಗ ಕೈಗೊಂದು ಕಾಗದವೂ ಸಿಗುತ್ತದೆ.

ತೊಂದರೆ ಇರುವುದು ಮನೆಯ ಕಡೆಯಿಂದ. ಮುಖ್ಯ ಕೇಂದ್ರ ಮೆಕ್ಸಿಕೊ ಸಿಟಿಯ ದಕ್ಷಿಣದಲ್ಲಿ, ಸಿಯುದಾದ್ ಉನಿವೆರ್ಸಿತಾರಿಯಾ ಎಂಬ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಉತ್ತರದಲ್ಲೋ ಪಶ್ಚಿಮದ ಸಾಂತಾ ಫೆಯಲ್ಲೋ ಮನೆ ಇದ್ದರೆ ಟ್ರಾಫಿಕ್ಕೇ ಅರ್ಧ ದಿನ ತಿನ್ನುತ್ತದೆ. ಆ ಆರು ವಾರ ಅಡುಗೆಯನ್ನು ಇನ್ನೊಬ್ಬರು ನೋಡಿಕೊಳ್ಳಲು ಒಪ್ಪಿದರೆ ಮಾತ್ರ ಸೇರಿ. ಒಪ್ಪಿಸಿ ಎಂದೇ ನಾನು ಹೇಳುವುದು. ಬೇರೆ ಊರಿನವರು ತಮ್ಮ ಊರಿನ ಸರ್ಕಾರಿ ವಿಶ್ವವಿದ್ಯಾಲಯದ ಭಾಷಾ ವಿಭಾಗದಲ್ಲಿ ವಿಚಾರಿಸಿ.

ಒಬ್ಬರೇ ಟೀಚರ್

ಗಂಟೆಯ ಲೆಕ್ಕದಲ್ಲಿ ನೋಡಿದರೆ ಇದು ಗುಂಪಿನ ಕ್ಲಾಸಿಗಿಂತ ದುಬಾರಿ. ನೀವು ಬಾಯಿ ಬಿಟ್ಟ ನಿಮಿಷದ ಲೆಕ್ಕದಲ್ಲಿ ನೋಡಿದರೆ ಎಷ್ಟೋ ಸಲ ಅಗ್ಗ. ಮಗು ಶಾಲೆಗೆ ಹೋದ ಮೇಲೆ ಹತ್ತರಿಂದ ಹನ್ನೊಂದು, ಒಲೆಯ ಮೇಲೆ ಬೇಳೆ ಇಟ್ಟುಕೊಂಡೇ ಕೂರಬಹುದು. ಇಟಾಕಿ, ಪ್ರೆಪ್ಲಿಯಂಥ ಜಾಲತಾಣಗಳಲ್ಲಿ ಟೀಚರ ದೇಶ ನೋಡಿ ಆರಿಸಲು ಆಗುತ್ತದೆ. ಮೆಕ್ಸಿಕೊದವರನ್ನೇ ಆರಿಸಿ. ಅಲ್ಲಿ ಬರೀ ಮಾತಿಗೆ ಕೂರುವವರು, ತರಬೇತಿ ಪಡೆದ ಟೀಚರು ಎಂದು ಎರಡು ಬಗೆ ಇರುತ್ತದೆ, ದರದಲ್ಲೂ ವ್ಯತ್ಯಾಸ ಇರುತ್ತದೆ. ಶುರುವಿನಲ್ಲಿ ತರಬೇತಿ ಪಡೆದವರೇ ಬೇಕು. ಬುನಾದಿ ಗಟ್ಟಿಯಾದ ಮೇಲೆ ಕಮ್ಮಿ ದರದವರ ಜೊತೆ ಹರಟೆ ಸಾಕು.

ಅಡುಗೆ ಮಾಡುವವರು ಪಾಠವನ್ನು ತಾವೇ ಹೇಳಿ ಮಾಡಿಸಿಕೊಳ್ಳಬೇಕು. 'ನಿನ್ನೆ ಸಂತೆಯಲ್ಲಿ ಏನು ತಂದೆ, ಏನು ಮಾಡಿದೆ, ಹೇಗೆ ಬಂತು' ಎಂದು ಹತ್ತು ನಿಮಿಷ ಹೇಳಿ, ತಪ್ಪುಗಳನ್ನು ಬರೆದುಕೊಳ್ಳಲು ಟೀಚರಿಗೆ ಹೇಳಿ. ಅಡುಗೆಮನೆಯ ಪದಗಳು ನಿಮ್ಮ ಹತ್ತಿರ ಆಗಲೇ ಇವೆ, ಅವುಗಳ ಮೇಲೆ ಭೂತಕಾಲ ಕೂರುತ್ತದೆ. ಮುಂದಿನ ವಾರ ಡಾಕ್ಟರ ಭೇಟಿ ಇದ್ದರೆ ಆ ಮಾತುಕತೆಯನ್ನೇ ಅಭ್ಯಾಸ ಮಾಡಿಸಿ ಎನ್ನಿ. ನನ್ನ ಮಟ್ಟಿಗೆ ಮನೆ ನಡೆಸುವವರಿಗೆ ಇದಕ್ಕಿಂತ ಚೆನ್ನಾಗಿ ಹೊಂದುವ ದಾರಿ ಇನ್ನೊಂದಿಲ್ಲ. ಕುಂದು ಒಂದೇ, ಬೇಕಾದಾಗ ಕ್ಲಾಸು ರದ್ದು ಮಾಡಬಹುದು. ಹಬ್ಬ, ನೆಂಟರು, ಜ್ವರ ಎಂದು ತಿಂಗಳೇ ಕಳೆದುಹೋಗುತ್ತದೆ. ವಾರದ ಎರಡು ದಿನ ಗಟ್ಟಿ ಮಾಡಿಕೊಂಡು ಅದನ್ನು ಮುಟ್ಟಬೇಡಿ.

ಆ್ಯಪ್, ಮತ್ತು ಭಾಷೆಯ ಕೊಡುಕೊಳ್ಳು

ಡುಯೊಲಿಂಗೊ ತರಹದ ಆ್ಯಪ್‌ಗಳಿಗೆ ಒಂದು ದೊಡ್ಡ ಗುಣ ಇದೆ, ಶುರು ಮಾಡಲು ದುಡ್ಡು ಬೇಡ, ನಾಚಿಕೆಯೂ ಇಲ್ಲ. ಮೆಕ್ಸಿಕೊಗೆ ಹೊರಡುವ ಮುಂಚಿನ ತಿಂಗಳುಗಳಲ್ಲಿ ಬೆಂಗಳೂರಿನ ಬಸ್ಸಿನಲ್ಲಿ ಕೂತು ಕಲಿಯಲು ಇದಕ್ಕಿಂತ ಒಳ್ಳೆಯದಿಲ್ಲ. ಅದರ ಸ್ಪ್ಯಾನಿಷ್ ಲ್ಯಾಟಿನ್ ಅಮೆರಿಕದ ಕಡೆಯದೇ. ಅಲ್ಲಿಗೆ ಹೋಗಿ ಇಳಿದ ಮೇಲೂ ಅದನ್ನೇ ನೆಚ್ಚಿಕೊಂಡರೆ ಓದುವುದು ಬರುತ್ತದೆ, ಎದುರಿನವರು ವೇಗವಾಗಿ ಮಾತಾಡಿದಾಗ ಕಿವಿ ಹಿಡಿಯುವುದಿಲ್ಲ. ದಿನಕ್ಕೆ ಹದಿನೈದು ನಿಮಿಷ ಸಾಕು. ದುಡ್ಡು ಕೊಡುವ ಯೋಜನೆ ಬೇಡ, ಆ ಹಣ ಟೀಚರಿಗೆ ಹೋಗಲಿ.

ಇಂಗ್ಲಿಷ್ ಕಲಿಯಲು ಆಸೆಪಡುವ ಮೆಕ್ಸಿಕೊದವರ ಜೊತೆ ಕೂತು ಮಾತು ವಿನಿಮಯ ಮಾಡಿಕೊಳ್ಳುವುದು ಇನ್ನೊಂದು ದಾರಿ. ದುಡ್ಡಿಲ್ಲ, ಸ್ನೇಹವೂ ಸಿಗುತ್ತದೆ. ನಿಮ್ಮ ಸ್ಪ್ಯಾನಿಷ್‌ಗಿಂತ ಅವರ ಇಂಗ್ಲಿಷ್ ಚೆನ್ನಾಗಿದ್ದರೆ ಮಾತು ತಾನಾಗಿ ಇಂಗ್ಲಿಷಿಗೆ ಜಾರುತ್ತದೆ, ಗಡಿಯಾರ ಇಟ್ಟು ಅರ್ಧರ್ಧ ಮಾಡಿಕೊಳ್ಳಬೇಕು. ಎ2 ಮಟ್ಟ ದಾಟುವ ತನಕ ಇದು ಬೇಡ.

ಹಾಗಾದರೆ ನಿಮಗೆ ಯಾವುದು?

ಇರುವುದು ಒಂದೇ ವರ್ಷ, ವಾಪಸ್ ಹೋಗುವುದು ಖಚಿತ ಎಂದಿದ್ದರೆ ಸಂತೆ, ಆ್ಯಪ್, ತಿಂಗಳಿಗೆ ನಾಲ್ಕು ಟೀಚರ್ ಕ್ಲಾಸು. ಇದಕ್ಕಿಂತ ಜಾಸ್ತಿ ಖರ್ಚು ಮಾಡಬೇಡಿ. ಎರಡು ಮೂರು ವರ್ಷ ಇರುವವರು, ಮನೆಯಲ್ಲಿ ಚಿಕ್ಕ ಮಗು ಇರುವವರು ಟೀಚರನ್ನೇ ಹಿಡಿಯಿರಿ, ವಾರಕ್ಕೆ ಎರಡು ದಿನ. ಕೈ ಬಿಗಿ ಇದ್ದರೆ ಇಬ್ಬರು ಕನ್ನಡದವರು ಒಟ್ಟಿಗೆ ಕೂತು ಶುಲ್ಕ ಹಂಚಿಕೊಳ್ಳಿ. ಮೂರನೆಯವರನ್ನು ಸೇರಿಸಬೇಡಿ, ಮಾತಾಡುವ ಸರದಿ ಬರುವುದೇ ಕಷ್ಟವಾಗುತ್ತದೆ.

ಮಕ್ಕಳು ದೊಡ್ಡವರಾಗಿದ್ದಾರೆ, ಮುಂದೆ ಅಲ್ಲೇ ಕೆಲಸ ಹುಡುಕುವ ಯೋಚನೆ ಇದೆ ಎನ್ನುವವರಿಗೆ ವಿಶ್ವವಿದ್ಯಾಲಯ. ಮೊದಲ ಎರಡು ಮಟ್ಟ ಟೀಚರ ಹತ್ತಿರ ಮುಗಿಸಿ, ಬಿ1ಕ್ಕೆ ಅಲ್ಲಿ ಸೇರಿದರೆ ದುಡ್ಡೂ ಉಳಿಯುತ್ತದೆ, ಕ್ಲಾಸಿನಲ್ಲಿ ಬಾಯೂ ತೆರೆಯುತ್ತದೆ. ಅವಲಂಬಿತರ ವೀಸಾದಲ್ಲಿ ಬಂದವರು ಕೆಲಸಕ್ಕೆ ವಲಸೆ ಇಲಾಖೆಯ ಅನುಮತಿ ಬೇರೆ ಪಡೆಯಬೇಕು, ಆ ಅರ್ಜಿಯನ್ನೂ ಜೊತೆಗೇ ನೋಡಿಕೊಳ್ಳಿ. ಅಪ್ಪ ಅಮ್ಮ ಆರು ತಿಂಗಳಿಗೆ ಬಂದಿದ್ದಾರೆ ಎಂದರೆ ಯಾವ ಕ್ಲಾಸೂ ಬೇಡ. ಅವರನ್ನು ಪ್ರತಿ ವಾರ ಅದೇ ತಿಯಾಂಗಿಸ್‌ನ ಅದೇ ಅಂಗಡಿಗೆ ಕರೆದುಕೊಂಡು ಹೋಗಿ, ಮೂರನೇ ವಾರ ಚೀಲವನ್ನೂ ದುಡ್ಡನ್ನೂ ಅವರ ಕೈಗೇ ಕೊಡಿ.

ಯಾವುದನ್ನು ಆರಿಸಿದರೂ ಆರು ತಿಂಗಳ ದುಡ್ಡನ್ನು ಒಟ್ಟಿಗೆ ಕಟ್ಟಬೇಡಿ. ಒಂದು ಪ್ರಯೋಗದ ಪಾಠ ತೆಗೆದುಕೊಳ್ಳಿ. ಅದರಲ್ಲಿ ಟೀಚರು ಎಷ್ಟು ಹೊತ್ತು ಮಾತಾಡಿದರು, ನೀವು ಎಷ್ಟು ಹೊತ್ತು ಮಾತಾಡಿದಿರಿ, ನೋಡಿ. ಅವರದೇ ಜಾಸ್ತಿ ಆಗಿದ್ದರೆ ಬೇರೆಯವರನ್ನು ಹುಡುಕಿ.